ಸೊನ್ನಲಿಗೆಯ ತಾಯಿ: ಜಯದೇವಿತಾಯಿ ಲಿಗಾಡೆಯವರ ಜೀವನ ಮತ್ತು ಕಾವ್ಯ

(ಲಗ್ಗೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಆಧುನಿಕ ಯುಗದ ಕವಯಿತ್ರಿಯೊಬ್ಬರ ಬಾಳನ್ನೂ ಬರಹವನ್ನೂ ಕುರಿತು ಈ ಉಪನ್ಯಾಸ ನಡೆಯಬೇಕೆಂಬುದು ದಾನಿಗಳ ಇಚ್ಛೆಯೆಂದು ತಿಳಿದಾಗ ಹತ್ತಾರು ಹೆಸರುಗಳು ಮನಸ್ಸಿನಲ್ಲಿ ಸುಳಿದುವಾದರೂ, ಕೊನೆಗೆ ನಾನು ಶ್ರೀಮತಿ ಜಯದೇವಿತಾಯಿ ಲಿಗಾಡೆಯವರ ಹೆಸರಿನಲ್ಲಿ ನೆಲೆನಿಂತೆನು. ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದ ಪ್ರಥಮ ಮಹಿಳೆ ಎಂಬ ಒಂದೇ ವಾಕ್ಯದಲ್ಲಿ ಸಾಮಾನ್ಯಜ್ಞಾನದ ಕೈಪಿಡಿಗಳು ಅವರನ್ನು ಮುಗಿಸಿಬಿಡುತ್ತವೆ. ಆ ವಾಕ್ಯವನ್ನು ಬಾಯಿಪಾಠ ಮಾಡಿದವರು ಬಹುಮಂದಿ, ಅವರ ಒಂದು ತ್ರಿಪದಿಯನ್ನಾದರೂ ಓದಿದವರು ವಿರಳ. ಈ ಕೊರತೆಯನ್ನು ಕೊಂಚವಾದರೂ ತುಂಬಬೇಕೆಂಬ ಆಸೆ ಒಂದು ಕಡೆಗಾದರೆ, ಈ ಊರಿಗೇ ಸೇರಿದ ಇನ್ನೊಂದು ಕಾರಣವೂ ಉಂಟು. ಹಿಂದೆ ಬೆಂಗಳೂರಿನ ಹೊರವಲಯದ ಹಳ್ಳಿಯಾಗಿದ್ದ ಲಗ್ಗೆರೆಯು, ನೆರೆಯ ಪೀಣ್ಯದಲ್ಲಿ ಕಾರ್ಖಾನೆಗಳು ಬೆಳೆದಂತೆಲ್ಲ, ಬೀದರ, ಕಲಬುರಗಿ, ವಿಜಯಪುರ, ರಾಯಚೂರುಗಳ ಕಡೆಯಿಂದಲೂ ನೆರೆರಾಜ್ಯಗಳಿಂದಲೂ ದುಡಿಮೆಯನ್ನರಸಿ ಬಂದವರಿಗೆ ನೆರಳಾದ ಊರು. ಇಲ್ಲಿನ ಬಾಡಿಗೆಮನೆಗಳಲ್ಲಿ ತಾಯಿ ಆಡುವ ನುಡಿ ಒಂದು, ಮಗು ಪಾಟಿಚೀಲ ಹೊತ್ತು ಹೋಗಿ ಕಲಿಯುವ ನುಡಿ ಇನ್ನೊಂದು ಆಗಿರುವುದು ಅಪರೂಪವಲ್ಲ. ಮನೆಯ ನುಡಿಯೊಂದು, ಶಾಲೆಯ ನುಡಿ ಮತ್ತೊಂದು ಎಂಬ ಈ ಸ್ಥಿತಿಯೇ ಜಯದೇವಿತಾಯಿಯವರ ಬಾಳಿನ ಮೊದಲನೆಯ ಸಂಗತಿ. ಅದರಿಂದ ಅವರು ಏನನ್ನು ಕಟ್ಟಿದರೆಂಬುದೇ ನನ್ನ ಇಂದಿನ ವಿಷಯ.

ಅವರು ಜನಿಸಿದ್ದು 1912ನೆಯ ಇಸವಿಯ ಜೂನ್ 23ರಂದು, ಸೊಲ್ಲಾಪುರದಲ್ಲಿ. ತಂದೆ ಚೆನ್ನಬಸಪ್ಪ ಮಡಕಿಯವರು, ತಾಯಿ ಸಂಗವ್ವನವರು. ಸೊಲ್ಲಾಪುರವೆಂದೊಡನೆ ಇಂದಿನ ಬೆಂಗಳೂರಿಗನಿಗೆ ನೆನಪಾಗುವುದು ಚಾದರ. ಚರಿತ್ರೆಯನ್ನು ಬಲ್ಲವನಿಗೆ ನೆನಪಾಗುವುದು ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮನು ಕೆರೆಯನ್ನು ತೋಡಿಸಿ, ಊರ ಸುತ್ತ ಅರುವತ್ತೆಂಟು ಲಿಂಗಗಳನ್ನು ಪ್ರತಿಷ್ಠಿಸಿ, ಹೆಸರಿಲ್ಲದ ಒಂದು ಗ್ರಾಮವನ್ನು ಅಭಿನವ ಶ್ರೀಶೈಲವನ್ನಾಗಿ ಮಾಡಿದನೆಂಬುದು ಅಲ್ಲಿಯ ಜನರ ಬಾಯಲ್ಲಿ ಇಂದಿಗೂ ಜೀವಂತವಾಗಿರುವ ಕಥೆ. ಆ ಕೆರೆಯ ನೀರಿನ ನಡುವೆ ಅವನ ಗುಡಿ ಇದೆ; ಮಕರಸಂಕ್ರಾಂತಿಯ ಗಡ್ಡೆಯ ಜಾತ್ರೆಯಲ್ಲಿ ಮುಗಿಲೆತ್ತರದ ನಂದಿಧ್ವಜಗಳನ್ನು ಹೊತ್ತು ಬರುವ ಭಕ್ತರನ್ನು ನೋಡಲು ಮರಾಠಿ, ಕನ್ನಡ, ತೆಲುಗು, ದಖನಿಗಳನ್ನಾಡುವ ಜನರೆಲ್ಲ ಒಂದೇ ಬೀದಿಯಲ್ಲಿ ನೆರೆಯುತ್ತಾರೆ. 1877ರಲ್ಲಿ ನೂಲುವ, ನೇಯುವ ಗಿರಣಿಯು ಅಲ್ಲಿ ಆರಂಭವಾದ ಮೇಲೆ ಊರು ಕೈಗಾರಿಕೆಯ ನಗರವಾಗಿ, ತೆಲಂಗಾಣದ ನೇಕಾರರೂ ಸುತ್ತಣ ಸೀಮೆಯ ಒಕ್ಕಲುಮಕ್ಕಳೂ ಗಿರಣಿಯ ಸೈರನ್ನಿಗೆ ಏಳುವ ಕೂಲಿಗಳಾದರು. ಇಂತಹ ಊರಿನಲ್ಲಿ ಆಡಳಿತದ ಭಾಷೆ, ಶಾಲೆಯ ಭಾಷೆ ಮರಾಠಿ. ವಿಭೂತಿಯ ಮನೆತನಗಳ ಒಳಗಿನ ಭಾಷೆ, ಪೂಜೆಯ ಭಾಷೆ, ಬಾಣಂತಿಯ ಕೋಣೆಯ ಭಾಷೆ ಕನ್ನಡ.

ಬಾಲಿಕೆ ಜಯದೇವಿ ಓದಿದ್ದು ಮರಾಠಿಯಲ್ಲಿ. ಕನ್ನಡದ ಅಕ್ಷರಗಳನ್ನು ಅವರಿಗೆ ಯಾವ ಶಾಲೆಯೂ ಕಲಿಸಲಿಲ್ಲ; ಮನೆಯಲ್ಲಿ ಕೇಳಿದ ನುಡಿಗೆ ತಾವೇ ಲಿಪಿಯನ್ನು ಜೋಡಿಸಿಕೊಂಡು, ವಚನಗಳ ಓದಿನಿಂದ ಆ ನುಡಿಯ ಆಳವನ್ನು ಅರಿತುಕೊಂಡರು. ಹದಿನಾಲ್ಕರ ಎಳೆಯ ವಯಸ್ಸಿಗೆ ಚೆನ್ನಮಲ್ಲಪ್ಪ ಲಿಗಾಡೆಯವರೊಡನೆ ವಿವಾಹವಾಯಿತು. ಆ ಕಾಲದ ಸಂಪನ್ನ ಲಿಂಗವಂತ ಮನೆತನದ ಸೊಸೆಯಾದವಳಿಗೆ ಹೊರಗಿನ ವಿದ್ಯೆಯ ಬಾಗಿಲು ಅಲ್ಲಿಗೆ ಮುಚ್ಚುತ್ತಿದ್ದುದೇ ವಾಡಿಕೆ. ಜಯದೇವಿಯವರ ವಿಷಯದಲ್ಲಿ ಮನೆಯೇ ಶಾಲೆಯಾಯಿತು ಎಂದರೆ ಅದು ಅವರ ಸ್ವಭಾವದ ಬಲವನ್ನೂ ಆ ಮನೆಗಳಲ್ಲಿ ಹರಿಯುತ್ತಿದ್ದ ಶರಣಸಾಹಿತ್ಯದ ಬಲವನ್ನೂ ಒಟ್ಟಿಗೆ ಹೇಳುವ ಮಾತು. ಇಲ್ಲಿ ಕಾಲದ ಅನುಕೂಲವೂ ಇದ್ದಿತೆಂಬುದನ್ನು ಮರೆಯಲಾಗದು. ಹೋಟಗಿಯಿಂದ ಗದಗಿಗೆ ಹೋಗುವ ರೈಲುಹಾದಿಯ ಮೇಲಿರುವ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಮನೆಮನೆಯಿಂದ ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದು, 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಸತೊಡಗಿದ್ದರು. ಶತಮಾನಗಳಿಂದ ಮಠದ ಗಂಟುಗಳಲ್ಲಿ ಮಲಗಿದ್ದ ವಾಙ್ಮಯವು ಅಚ್ಚಾಗಿ, ಅಂಚೆಯ ಮೂಲಕ ಅಡುಗೆಮನೆಯ ಹೊಸ್ತಿಲವರೆಗೆ ಬರುವ ಯೋಗವು ಒದಗಿದುದು ಜಯದೇವಿಯವರು ಮದುವೆಯಾದ ಆ ವರ್ಷಗಳಲ್ಲಿಯೇ.

ಅವರ ತಾರುಣ್ಯದ ಊರು ಶಾಂತವಾದ ಊರಾಗಿರಲಿಲ್ಲ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದೊಡನೆ ಗಿರಣಿಯ ಕಾರ್ಮಿಕರು ಬೀದಿಗಿಳಿದು, ಗೋಲಿಬಾರು ನಡೆದು, ಕೊನೆಗೆ ಸೊಲ್ಲಾಪುರದ ಮೇಲೆ ಸೈನಿಕ ಕಾಯಿದೆಯನ್ನೇ ಹೇರಲಾಯಿತು. ಮುಂದಿನ ವರ್ಷದ ಜನವರಿ 12ರಂದು ಯರವಡೆಯ ಸೆರೆಮನೆಯಲ್ಲಿ ಗಲ್ಲಿಗೇರಿದ ನಾಲ್ವರು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ. ಆ ಹೆಸರುಗಳನ್ನು ಒಟ್ಟಿಗೆ ಉಚ್ಚರಿಸಿದರೆ ಸೊಲ್ಲಾಪುರದ ಬೀದಿಗಳ ಎಲ್ಲ ನುಡಿಗಳೂ ಎಲ್ಲ ನಂಬಿಕೆಗಳೂ ಒಮ್ಮೆಗೇ ಕೇಳಿಬರುತ್ತವೆ. ಆಗ ಜಯದೇವಿಯವರಿಗೆ ಹದಿನೆಂಟು ವರ್ಷ. ಭಾಷೆ ಬೇರೆಯಾದವರು ಒಂದೇ ಕಾರಣಕ್ಕಾಗಿ ಪ್ರಾಣವನ್ನೊಪ್ಪಿಸಿದ ಊರಿನಲ್ಲಿ ಬೆಳೆದವರ ಭಾಷಾಭಿಮಾನಕ್ಕೆ ದ್ವೇಷದ ಲೇಪ ಅಂಟದಿರುವುದು ಸಹಜವೆಂದೇ ನಾನು ಭಾವಿಸುತ್ತೇನೆ.

ಇನ್ನು ಅವರ ಕಾವ್ಯಕ್ಕೆ ಬರೋಣ. ಜಯಗೀತೆ, ತಾಯಿಯ ಪದಗಳು, ತಾರಕ ತಂಬೂರಿ ಮೊದಲಾದ ಸಂಗ್ರಹಗಳಲ್ಲಿ ಬಿಡಿಗೀತೆಗಳ ರಾಶಿಯಿದೆ. ಶ್ರೀ ಸಿದ್ಧರಾಮ ಪುರಾಣವೆಂಬ ನಾಲ್ಕು ಸಾವಿರ ತ್ರಿಪದಿಗಳನ್ನು ಮೀರಿದ ಮಹಾಪ್ರಬಂಧವಿದೆ. ಬಿಡಿಗೀತೆಗಳ ವಿಷಯವಾಗಿ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾದರೆ, ಅವುಗಳಲ್ಲಿ ಭಕ್ತಿಯ ಉದ್ಗಾರವೂ ನಾಡಿನ ಕರೆಯೂ ಒಮ್ಮೊಮ್ಮೆ ಪುನರುಕ್ತಿಗೆ ಇಳಿಯುತ್ತವೆ. ಸಭೆಯಲ್ಲಿ ಹಾಡಿದಾಗ ಮೈನವಿರೇಳಿಸುವ ಪದವು ಹಾಳೆಯ ಮೇಲೆ ಏಕಾಂತದಲ್ಲಿ ಓದುವಾಗ ಕಾವನ್ನು ಕಳೆದುಕೊಳ್ಳುವುದುಂಟು. ಅವರ ಪ್ರತಿಭೆಯ ಪೂರ್ಣ ಪ್ರಮಾಣ ಕಾಣುವುದು ಪುರಾಣದಲ್ಲಿ. ಅದಕ್ಕೆ ಅವರು ಆರಿಸಿಕೊಂಡ ಛಂದಸ್ಸೇ ಒಂದು ಮಹತ್ತಾದ ನಿರ್ಧಾರವಾದುದರಿಂದ, ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನನ್ನ ಪ್ರಾರ್ಥನೆ.

ಸಿದ್ಧರಾಮನ ಕಥೆ ಕನ್ನಡಕ್ಕೆ ಹೊಸತಲ್ಲ. ಹಂಪೆಯ ರಾಘವಾಂಕನು ಹದಿಮೂರನೆಯ ಶತಮಾನದಲ್ಲಿಯೇ ಸಿದ್ಧರಾಮ ಚಾರಿತ್ರವನ್ನು ಷಟ್ಪದಿಯಲ್ಲಿ ಬರೆದನು. ಅನಂತರ ಪುರಾಣವೆಂದರೆ ಷಟ್ಪದಿ ಎಂಬುದು ನಮ್ಮಲ್ಲಿ ಹೆಚ್ಚುಕಡಮೆ ರೂಢಿಯಾಯಿತು. ಷಟ್ಪದಿಯು ಆರು ಸಾಲುಗಳ ವಿಸ್ತಾರವುಳ್ಳದ್ದು. ಮೂರನೆಯ, ಆರನೆಯ ಸಾಲುಗಳಲ್ಲಿ ಉಸಿರನ್ನು ನೀಳವಾಗಿ ಎಳೆದು ನಿಲ್ಲಿಸುವಂಥದು. ಗಮಕಿಯೊಬ್ಬನು ವ್ಯಾಸಪೀಠದ ಮುಂದೆ ಕುಳಿತು, ಸಭೆ ಎದುರಿಗೆ ಕಿವಿಗೊಟ್ಟಿರುವಾಗ ಅದರ ಶೋಭೆ. ತ್ರಿಪದಿಯ ಹುಟ್ಟು, ಬೆಳೆವಣಿಗೆಗಳೇ ಬೇರೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಕಾಲಕ್ಕೆ, ಎಂದರೆ ಸುಮಾರು 700ನೆಯ ಇಸವಿಯಷ್ಟು ಹಿಂದೆಯೇ, ಅದು ಕಲ್ಲಿನ ಮೇಲೆ ಕೆತ್ತಿಸಿಕೊಳ್ಳುವಷ್ಟು ಪ್ರೌಢವಾಗಿದ್ದಿತು. ಹನ್ನೊಂದು ಅಂಶಗಣಗಳು, ಅವುಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಮಿಕ್ಕವು ವಿಷ್ಣುಗಣ: ಇಷ್ಟೇ ಅದರ ಲಕ್ಷಣ. ಮೊದಲ ಎರಡು ಸಾಲುಗಳಿಗೆ ನಾಲ್ಕುನಾಲ್ಕು ಗಣ, ಕೊನೆಯದಕ್ಕೆ ಮೂರು. ಆ ಕೊನೆಯ ಸಾಲಿನಲ್ಲಿ ಗಣವೊಂದು ಕಡಮೆಯಾದಲ್ಲಿ ಹಾಡುವವಳಿಗೆ ಉಸಿರಿನ ಬಿಡುವು, ಬೀಸುವ ಕೈಗೆ ಗೂಟವನ್ನು ಮತ್ತೆ ತನ್ನತ್ತ ಸೆಳೆದುಕೊಳ್ಳುವ ಬಿಡುವು. ಎದುರುಬದುರಾಗಿ ಕುಳಿತ ಇಬ್ಬರು ಹೆಂಗಸರಲ್ಲಿ ಒಬ್ಬಳು ಎತ್ತಿದುದನ್ನು ಇನ್ನೊಬ್ಬಳು ಮುಗಿಸಬಹುದು. ಒಬ್ಬಳೇ ಇದ್ದರೆ ಬೀಸುವ ಕಲ್ಲೇ ಅವಳ ಜೊತೆಗಾತಿ. ಸೊಲ್ಲಾಪುರಕ್ಕೆ ದೂರವಲ್ಲದ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಇಂತಹ ಹಾಡುಗಳನ್ನು ಕೂಡಿಸಿ ಗರತಿಯ ಹಾಡು ಎಂಬ ಸಂಗ್ರಹವನ್ನು 1931ರಲ್ಲಿ ಪ್ರಕಟಿಸಿದಾಗ, ಹೆಸರಿಲ್ಲದ ಸಾವಿರಾರು ಕವಯಿತ್ರಿಯರು ನಮ್ಮಲ್ಲಿದ್ದರೆಂಬುದು ವಿದ್ವಾಂಸರಿಗೆ ಮೊದಲ ಬಾರಿಗೆ ಮನವರಿಕೆಯಾಯಿತು.

ಈ ಛಂದಸ್ಸಿನಲ್ಲಿ ಒಂದು ಬಿಡಿಮಾತನ್ನು, ತವರಿನ ನೆನಪನ್ನು, ಸರ್ವಜ್ಞನ ಹಾಗೆ ಒಂದು ಲೋಕಸತ್ಯವನ್ನು ಹೇಳುವುದು ಸುಲಭ. ಅಕ್ಕಮಹಾದೇವಿಯ ಯೋಗಾಂಗ ತ್ರಿವಿಧಿಯೂ ಸಿದ್ಧರಾಮನವೇ ಆದ ತ್ರಿವಿಧಿಗಳೂ ತತ್ತ್ವವನ್ನೂ ಅದರಲ್ಲಿ ತುಂಬಿ ತೋರಿಸಿದುವು. ಆದರೆ ಒಂದು ಇಡೀ ಜೀವನಚರಿತ್ರೆಯನ್ನು ನಾಲ್ಕು ಸಾವಿರ ಪದ್ಯಗಳುದ್ದಕ್ಕೆ ಅದರಲ್ಲಿ ನಡೆಸುವುದು ಸಾಹಸವೇ ಸರಿ. ಏಕೆಂದರೆ ತ್ರಿಪದಿಯು ಪ್ರತಿ ಮೂರನೆಯ ಸಾಲಿಗೆ ಮುಗಿಯಬಯಸುತ್ತದೆ, ಕಥನವಾದರೋ ಮುಂದುವರಿಯಬಯಸುತ್ತದೆ. ಈ ವಿರೋಧವನ್ನು ಗೆಲ್ಲಬೇಕಾದರೆ ಕವಿಯು ಪ್ರತಿಯೊಂದು ಪದ್ಯವನ್ನೂ ಸ್ವಯಂಪೂರ್ಣವಾಗಿಸಿಯೂ ಮುಂದಿನದಕ್ಕೆ ಅದರಲ್ಲಿ ಒಂದು ಹಸಿವನ್ನು ಉಳಿಸಬೇಕು.

ಸಿದ್ಧರಾಮನ ಬಾಲ್ಯದ ಪ್ರಸಿದ್ಧ ಪ್ರಸಂಗವೊಂದನ್ನೇ ನೋಡಿ. ಮುದ್ದುಗೌಡ, ಸುಗ್ಗವ್ವೆಯರ ಮಗ, ಮಾತು ಕಡಮೆಯಾದ ಹುಡುಗ, ದನ ಕಾಯುತ್ತ ಹೊಲದಲ್ಲಿದ್ದಾನೆ. ಜಂಗಮವೇಷದ ಮಲ್ಲಯ್ಯನು ಬಂದು ಹಸಿವೆಂದು ಬೇಡುತ್ತಾನೆ. ಬೆಳಸೆಯನ್ನು ತಿಂದ ಅತಿಥಿಗೆ ಮಜ್ಜಿಗೆಯನ್ನವೂ ಬೇಕಾಗುತ್ತದೆ. ಹುಡುಗನು ಮನೆಗೆ ಓಡಿ ತಾಯಿಯಿಂದ ಅದನ್ನು ಪಡೆದು ಬರುವಷ್ಟರಲ್ಲಿ ಮಲ್ಲಯ್ಯನಿಲ್ಲ. ಅಲ್ಲಿಂದ ಮುಂದೆ ಮಲ್ಲಯ್ಯಾ, ಮಲ್ಲಯ್ಯಾ ಎಂದು ಕೂಗುತ್ತ, ದಾರಿಹೋಕರ ಬೆನ್ನುಹತ್ತಿ ಶ್ರೀಶೈಲದವರೆಗೆ ಆ ಮಗುವಿನ ಅಲೆದಾಟ. ರಾಘವಾಂಕನ ಷಟ್ಪದಿಯಲ್ಲಿ ಈ ಹುಡುಕಾಟವು ನಾಟಕದ ರಭಸವನ್ನು ಪಡೆದು ನಮ್ಮನ್ನು ಸೆಳೆದೊಯ್ಯುತ್ತದೆ. ತ್ರಿಪದಿಯು ರಭಸಕ್ಕೆ ಒಗ್ಗುವುದಲ್ಲ. ಅದು ಪ್ರತಿ ಹೆಜ್ಜೆಗೂ ನಿಲ್ಲುತ್ತದೆ. ಬುತ್ತಿಯನ್ನು ಹಿಡಿದು ನಿಂತ ಮಗು, ಬರಿದಾದ ಹೊಲ, ಮನೆಯಲ್ಲಿ ಕಾಯುವ ತಾಯಿ: ಮೂರು ಸಾಲಿಗೆ ಒಂದೊಂದು ನಿಲುಗಡೆ. ಕಥೆಯನ್ನು ಕೇಳುವವರು ದೇವಸ್ಥಾನದ ಪೌಳಿಯಲ್ಲಿ ಕುಳಿತವರಲ್ಲ, ಬೆಳಗಿನ ಜಾವದ ಅಡುಗೆಮನೆಯಲ್ಲಿರುವವರು ಎಂಬ ಭಾವನೆ ಛಂದಸ್ಸಿನಿಂದಲೇ ಉಂಟಾಗುತ್ತದೆ. ಪುರುಷರು ಓದಿಹೇಳುತ್ತಿದ್ದ, ಸ್ತ್ರೀಯರು ದೂರದಲ್ಲಿ ಕುಳಿತು ಕೇಳುತ್ತಿದ್ದ ಪುರಾಣವನ್ನು ಸ್ತ್ರೀಯರ ಬಾಯಿಗೆ ಒಪ್ಪುವ ಮಟ್ಟಿನಲ್ಲಿ ಕಟ್ಟಿದುದು ಜಯದೇವಿತಾಯಿಯವರ ಕಾವ್ಯಸಾಧನೆಯ ತಿರುಳು.

ಇಷ್ಟು ದೊಡ್ಡ ಧೈರ್ಯ ಅವರಿಗೆ ಎಲ್ಲಿಂದ ಬಂದಿರಬಹುದು? ಇಲ್ಲಿ ನಾನೊಂದು ಊಹೆಯನ್ನು ವಿದ್ವಾಂಸರ ಮುಂದಿಡುತ್ತೇನೆ. ಊಹೆಯೆಂದೇ ಅದನ್ನು ಪರಿಗ್ರಹಿಸಬೇಕು. ಮರಾಠಿಯ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಹಾಡುವುದು ಓವಿಯನ್ನು. ನಮ್ಮ ತ್ರಿಪದಿಯ ನೆರೆಯವಳೇ ಅದು. ಸೊಲ್ಲಾಪುರದಂತಹ ಊರಿನ ಒಂದೇ ಓಣಿಯಲ್ಲಿ ಒಂದು ಮನೆಯಿಂದ ಓವಿ, ಪಕ್ಕದ ಮನೆಯಿಂದ ತ್ರಿಪದಿ ಕೇಳಿಬರುತ್ತಿದ್ದಿರಬೇಕು. ಆ ಓವಿಯ ಬಂಧದಲ್ಲಿಯೇ ಜ್ಞಾನೇಶ್ವರರು 1290ರಲ್ಲಿ ಭಗವದ್ಗೀತೆಯ ಮೇಲಣ ತಮ್ಮ ಮಹಾಭಾಷ್ಯವನ್ನು ರಚಿಸಿದರು. ಮರಾಠಿಯ ಶಾಲೆಯಲ್ಲಿ ಓದಿದ ಯಾವ ಬಾಲಿಕೆಗೂ ಈ ಸಂಗತಿ ಅಪರಿಚಿತವಾಗಿರಲು ಸಾಧ್ಯವಿಲ್ಲ. ಮನೆವಾರ್ತೆಯ ಹಾಡಿನ ಧಾಟಿಯು ಮಹಾಗ್ರಂಥವೊಂದರ ಭಾರವನ್ನು ಹೊರಬಲ್ಲದೆಂಬುದನ್ನು ಕನ್ನಡದ ಪಂಡಿತರು ಅವರಿಗೆ ಹೇಳಿಕೊಡಲಿಲ್ಲ. ಷಟ್ಪದಿಯ ಪರಂಪರೆಯಲ್ಲಿ ಬೆಳೆದಿದ್ದರೆ ಬಹುಶಃ ಅವರೂ ಷಟ್ಪದಿಯಲ್ಲಿಯೇ ಬರೆಯುತ್ತಿದ್ದರು. ಹಾಗಾಗಿ ಶಾಲೆಯು ಕೊಟ್ಟ ಮರಾಠಿಯು ಅವರ ಕನ್ನಡಕ್ಕೆ ಅಡ್ಡಿಯಾಯಿತೆಂದು ಮರುಗುವ ಬದಲು, ಅವರ ಕನ್ನಡ ಕಾವ್ಯದ ಅತ್ಯಂತ ಸ್ವತಂತ್ರವಾದ ಗುಣಕ್ಕೆ ಮರಾಠಿಯೂ ಒಂದು ಕಾರಣವೆಂದು ನಾವು ಕೃತಜ್ಞರಾಗಬೇಕಾಗುವುದು.

ಆ ಋಣವನ್ನು ಅವರು ಬಡ್ಡಿಸಹಿತವಾಗಿ ತೀರಿಸಿದರು. ಮರಾಠಿಯಲ್ಲಿ ಅವರು ಬರೆದ ಸಿದ್ಧವಾಣಿ, ಬಸವದರ್ಶನ, ಮಹಾಯೋಗಿನಿ, ಅನುವಾದಿಸಿದ ಸಿದ್ಧರಾಮನ ತ್ರಿವಿಧಿಗಳು, ಬಸವಣ್ಣನ ವಚನಗಳು, ಶೂನ್ಯಸಂಪಾದನೆ ಇವೆಲ್ಲವೂ ಶರಣರ ಮಾತನ್ನು ಕನ್ನಡವನ್ನರಿಯದ ನೆರೆಹೊರೆಗೆ ತಲುಪಿಸಿದ ಕೃತಿಗಳು. ಶೂನ್ಯಸಂಪಾದನೆಯನ್ನು ಅನ್ಯಭಾಷೆಗೆ ತರುವುದು ಎಷ್ಟು ಕಷ್ಟವೆಂಬುದನ್ನು ಅದರ ಒಂದು ಪುಟವನ್ನು ಓದಿದವರೂ ಬಲ್ಲರು. ವಚನ ವಚನಕ್ಕೆ ಎದುರಾಗಿ, ಶರಣರು ಒಬ್ಬರನ್ನೊಬ್ಬರು ಒರೆಗೆ ಹಚ್ಚುವ ಆ ಸಂವಾದದಲ್ಲಿ, ಅಲ್ಲಮನ ಬೆಡಗಿನ ನುಡಿಗಳು ಕನ್ನಡಿಗರಿಗೇ ಒಗಟುಗಳಾಗಿರುವಾಗ, ಅವಕ್ಕೆ ಮರಾಠಿಯ ಉಡುಗೆಯನ್ನು ತೊಡಿಸುವವರಿಗೆ ಎರಡೂ ನುಡಿಗಳ ಒಳಮನೆಯ ಪರಿಚಯ ಬೇಕು. ಅದೇ ಗ್ರಂಥದಲ್ಲಿ ಅಲ್ಲಮನು ಸೊನ್ನಲಿಗೆಗೆ ಬಂದು, ಕೆರೆಕಟ್ಟೆಗಳ ಕಾಯಕದಲ್ಲಿ ಮುಳುಗಿದ್ದ ಸಿದ್ಧರಾಮನನ್ನು ಒಡ್ಡನೆಂದು ಜರೆದು, ಹೊರಗಿನ ಕೆರೆಯಿಂದ ಒಳಗಿನ ಅರಿವಿಗೆ ತಿರುಗಿಸಿ, ಕಲ್ಯಾಣಕ್ಕೆ ಕರೆದೊಯ್ಯುವ ಪ್ರಸಂಗವಿದೆ. ಸೊಲ್ಲಾಪುರದ ಮರಾಠಿ ಓದುಗನಿಗೆ ತನ್ನ ಊರದೇವರ ಬಾಳಿನ ಈ ತಿರುವನ್ನು ಅವನ ಭಾಷೆಯಲ್ಲಿಯೇ ಓದುವ ಅವಕಾಶವನ್ನು ಮಾಡಿಕೊಟ್ಟವರು ಆ ಊರಿನ ಮಗಳು.

ಇವರೇ ಸೊಲ್ಲಾಪುರವು ಕರ್ಣಾಟಕಕ್ಕೆ ಸೇರಬೇಕೆಂದು ಹೋರಾಡಿದವರೆಂಬುದನ್ನೂ ಇದರೊಡನೆ ಸೇರಿಸಿ ನೆನೆಯಬೇಕು. 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಗಳ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನವು ಸೊಲ್ಲಾಪುರದಲ್ಲಿ ನೆರೆದಾಗ, ಏಕೀಕರಣದ ಆಸೆ ಆ ಗಡಿನಾಡಿನಲ್ಲಿ ಉತ್ಕಟವಾಗಿದ್ದಿತು. 1953ರ ಕೊನೆಯಲ್ಲಿ ನೇಮಕಗೊಂಡ ಫಜಲ್ ಅಲಿ ಆಯೋಗದ ವರದಿಯು 1955ರಲ್ಲಿ ಹೊರಬಿದ್ದು, 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವು ಉದಯವಾದಾಗ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಆ ಕಡೆಗೇ ಉಳಿದುವು; 1960ರಲ್ಲಿ ಮಹಾರಾಷ್ಟ್ರದ ಅಂಗಗಳಾದುವು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ತನ್ನ ವರದಿಯಲ್ಲಿ ಆ ಸೀಮೆಯ ಹಲವು ಕನ್ನಡ ಹಳ್ಳಿಗಳು ಈಚೆಗೆ ಬರಬೇಕೆಂದು ಹೇಳಿತಾದರೂ, ಅದು ಕಾರ್ಯಗತವಾಗಲಿಲ್ಲ. ಇಡೀ ನಾಡು ಹಬ್ಬವನ್ನಾಚರಿಸಿದ ದಿನ ಹೊಸ್ತಿಲ ಹೊರಗೆ ಉಳಿದವರ ನೋವು ಎಂತಹುದೆಂಬುದನ್ನು ಬೆಂಗಳೂರಿನಲ್ಲಿ ಕುಳಿತ ನಾವು ಸಾಕಷ್ಟು ಅರಿತಿಲ್ಲವೆಂದೇ ನನ್ನ ನಂಬಿಕೆ. ಜಯದೇವಿತಾಯಿಯವರು ಆ ನೋವನ್ನು ಹಾಡಾಗಿಸಿದರು, ಭಾಷಣವಾಗಿಸಿದರು, ಸಂಘಟನೆಯಾಗಿಸಿದರು. ಆದರೆ ಮರಾಠಿಯ ಲೇಖನಿಯನ್ನು ಕೆಳಗಿಡಲಿಲ್ಲ. ಗಡಿಯ ವಿವಾದವು ಆಡಳಿತಗಳ ನಡುವಣದು, ಮರಾಠಿಯು ತನ್ನ ಗೆಳತಿಯರ ನುಡಿ ಎಂಬ ವಿವೇಕವನ್ನು ಇಷ್ಟು ಸ್ಪಷ್ಟವಾಗಿ ಬಾಳಿ ತೋರಿಸಿದ ಇನ್ನೊಬ್ಬ ಕನ್ನಡ ಹೋರಾಟಗಾರರನ್ನು ನಾನು ಕಾಣೆನು.

ಇದರ ಬೆಲೆಯು ಗೊತ್ತಾಗಬೇಕಾದರೆ ಪೂರ್ವದಿಕ್ಕಿನ ದೂರದ ನಾಡೊಂದರ ಕಡೆಗೆ ಒಮ್ಮೆ ದೃಷ್ಟಿ ಹಾಯಿಸುವುದು ಉಚಿತ. ಕೊರಿಯಾದಲ್ಲಿ ಸೆಜೊಂಗ್ ಎಂಬ ಅರಸನು 1446ರಲ್ಲಿ ದೇಶಭಾಷೆಗೆ ಹೊಸ ಲಿಪಿಯನ್ನು ಪ್ರಕಟಿಸಿದನು. ಪಂಡಿತರಾದವರು ಚೀನೀ ಬರವಣಿಗೆಯನ್ನೇ ಗೌರವಿಸಿ, ಆ ಹೊಸ ಅಕ್ಷರಗಳನ್ನು ಹೆಂಗಸರ ಅಕ್ಷರಗಳೆಂದು ಹೀನೈಸಿದರು. ಹೆಂಗಸರಾದರೋ ಅವುಗಳನ್ನೇ ಅಪ್ಪಿಕೊಂಡು ಅಂತಃಪುರದ ದೀರ್ಘಗೀತೆಗಳನ್ನು ಬರೆದುಕೊಂಡರು. 1910ರಲ್ಲಿ ಜಪಾನು ಆ ದೇಶವನ್ನು ನುಂಗಿತು. ಇಂತಹ ಕಾಲದಲ್ಲಿಯೇ ಕಿಮ್ ಮ್ಯೊಂಗ್‌ಸುನ್ ಎಂಬಾಕೆ 1925ರಲ್ಲಿ ತನ್ನ ಕೃತಿಸಂಗ್ರಹವನ್ನು ಪ್ರಕಟಿಸಿ, ಆಧುನಿಕ ಕೊರಿಯಾದಲ್ಲಿ ಪುಸ್ತಕವನ್ನು ಹೊರತಂದ ಮೊದಲ ಕವಯಿತ್ರಿಯೆನಿಸಿದಳು. ಜಯದೇವಿಯವರ ಸರಿಸುಮಾರು ಓರಗೆಯವಳಾದ ನೋ ಚೊನ್‌ಮ್ಯೊಂಗ್ ಎಂಬಾಕೆ 1938ರಲ್ಲಿ ಹವಳದ ಕಾಡು ಎಂಬರ್ಥದ ತನ್ನ ಮೊದಲ ಸಂಕಲನವನ್ನು ಪ್ರಕಟಿಸಿದಳು. ಅದೇ ವರ್ಷ ಶಾಲೆಗಳಲ್ಲಿ ಕೊರಿಯನ್ ಭಾಷೆಯ ಕಡ್ಡಾಯಪಾಠವು ತಪ್ಪಿಹೋಯಿತು. 1940ರಲ್ಲಿ ದೇಶಭಾಷೆಯ ದೊಡ್ಡ ದಿನಪತ್ರಿಕೆಗಳು ಮುಚ್ಚಲ್ಪಟ್ಟುವು. 1942ರಲ್ಲಿ ನಿಘಂಟುವನ್ನು ಸಿದ್ಧಪಡಿಸುತ್ತಿದ್ದ ವಿದ್ವಾಂಸರು ಸೆರೆಮನೆಗೆ ಹೋದರು. ಆ ಒತ್ತಡದಲ್ಲಿ ನೋ ಚೊನ್‌ಮ್ಯೊಂಗ್ ಜಪಾನಿನ ಯುದ್ಧವನ್ನು ಹೊಗಳಿ ಪದ್ಯಗಳನ್ನು ಬರೆದಳು. ಆ ಕಳಂಕವು ಆಕೆಯ ಹೆಸರಿನಿಂದ ಇಂದಿಗೂ ತೊಳೆದುಹೋಗಿಲ್ಲ. 1950ರಲ್ಲಿ ಸೋಲ್ ನಗರವು ಉತ್ತರದವರ ಕೈವಶವಾಗಿದ್ದಾಗ ಅವರೊಡನೆ ಸಹಕರಿಸಿದಳೆಂಬ ಆಪಾದನೆಯಿಂದ ಸೆರೆಮನೆಯನ್ನೂ ಕಂಡು, 1957ರಲ್ಲಿ ತೀರಿಕೊಂಡಳು.

ಆಕೆಯನ್ನು ಇಲ್ಲಿ ಕರೆತಂದುದು ಆಕೆಯನ್ನು ಕಿರಿದುಮಾಡುವುದಕ್ಕಲ್ಲ. ಮನೆಯ ನುಡಿಯನ್ನು ಶಾಲೆಯಿಂದ ಹೊರಗಿಡುವುದು ಎರಡು ರೀತಿಯಲ್ಲಿ ನಡೆಯಬಲ್ಲುದು. ಕೊರಿಯಾದಲ್ಲಿ ಅದನ್ನು ಸಾಮ್ರಾಜ್ಯವೊಂದು ಬೇಕೆಂದೇ ಮಾಡಿತು. ಅಲ್ಲಿ ಕವಿಗೆ ಎರಡು ಭಾಷೆಗಳ ನಡುವೆ ಸ್ನೇಹವನ್ನು ಕಟ್ಟಲು ನೆಲವೇ ಉಳಿಯಲಿಲ್ಲ. ಸೊಲ್ಲಾಪುರದಲ್ಲಿ ಅದು ಗಡಿನಾಡಿನ ಸಂದರ್ಭದಿಂದ ಆದುದು. ಅಲ್ಲಿ ನೆರೆಯ ಭಾಷೆಯು ಒಡೆಯನ ಭಾಷೆಯಾಗಿರಲಿಲ್ಲ, ಸರಿಸಮಾನಳಾದ ಸೋದರಿಯಾಗಿದ್ದಿತು. ಜಯದೇವಿತಾಯಿಯವರಿಗೆ ದೊರೆತ ಈ ಅವಕಾಶವನ್ನು ಅವರು ವ್ಯರ್ಥಗೊಳಿಸಲಿಲ್ಲವೆಂಬುದು ಅವರ ಹೆಗ್ಗಳಿಕೆ. ಎರಡು ನಾಡುಗಳ ಸಾದೃಶ್ಯವೊಂದು ಮಾತ್ರ ನನ್ನನ್ನು ಬಿಡದೆ ಕಾಡುತ್ತದೆ: ಅಲ್ಲಿ ಪಂಡಿತರು ಕಡೆಗಣಿಸಿದ ಅಕ್ಷರಗಳನ್ನು, ಇಲ್ಲಿ ಪಂಡಿತರು ಕಡೆಗಣಿಸಿದ ಮಟ್ಟನ್ನು ಶತಮಾನಗಳ ಕಾಲ ಕಾಪಾಡಿದವರು ಹೆಂಗಸರೇ.

1974ರಲ್ಲಿ ಮಂಡ್ಯದ ನಾಲ್ವತ್ತೆಂಟನೆಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಜಯದೇವಿತಾಯಿಯವರು ಆಯ್ಕೆಯಾದಾಗ, ಮೊದಲನೆಯ ಸಮ್ಮೇಳನವು 1915ರಲ್ಲಿ ಇದೇ ಬೆಂಗಳೂರಿನಲ್ಲಿ ನಡೆದು ಐವತ್ತೊಂಬತ್ತು ವರ್ಷಗಳಾಗಿದ್ದುವು. ಸತಿಹಿತೈಷಿಣಿಯನ್ನು ನಡೆಸಿದ ನಂಜನಗೂಡು ತಿರುಮಲಾಂಬ, ತಿರುಮಲೆ ರಾಜಮ್ಮ, ಅಕಾಲದಲ್ಲಿ ತೀರಿಕೊಂಡ ಬೆಳಗೆರೆ ಜಾನಕಮ್ಮ ಇಂತಹವರ ಕಾಲವೆಲ್ಲ ಕಳೆದ ಮೇಲೆ ಬಂದ ಈ ಮನ್ನಣೆಯನ್ನು ವಿಳಂಬವೆನ್ನದೆ ಬೇರೆ ಏನೆನ್ನಬೇಕು? ಅದರ ನಂತರವೂ ಮತ್ತೊಬ್ಬ ಮಹಿಳೆಯನ್ನು, ಶಾಂತಾದೇವಿ ಮಾಳವಾಡರನ್ನು, 2000ದ ಬಾಗಲಕೋಟೆಯ ಸಮ್ಮೇಳನದಲ್ಲಿ ಕಾಣುವುದಕ್ಕೆ ನಾಡು ಇನ್ನೂ ಇಪ್ಪತ್ತಾರು ವರ್ಷ ಕಾಯಬೇಕಾಯಿತು. ಆಮೇಲೆ ಮೂಡಬಿದಿರೆಯಲ್ಲಿ ಕಮಲಾ ಹಂಪನಾ, ಗದಗಿನಲ್ಲಿ ಗೀತಾ ನಾಗಭೂಷಣ. ಈ ಲೆಕ್ಕವನ್ನು ಹೇಳುವಾಗ ನನಗೆ ಖೇದವಾಗುತ್ತದೆ, ಅದನ್ನು ಮರೆಮಾಡಬೇಕಾದ ಕಾರಣ ಕಾಣುವುದಿಲ್ಲ. ಮಂಡ್ಯದ ಸಮ್ಮೇಳನಕ್ಕೆ ಇನ್ನೊಂದು ಅರ್ಥವೂ ಉಂಟು: ರಾಜಕೀಯ ಭೂಪಟದಲ್ಲಿ ಕರ್ಣಾಟಕದ ಹೊರಗಿದ್ದ ಊರಿನವರು, ಕನ್ನಡವನ್ನು ಶಾಲೆಯಲ್ಲಿ ಕಲಿಯದವರು, ಕಾವೇರಿಯ ಸೀಮೆಗೆ ಬಂದು ಕನ್ನಡದ ಅತ್ಯುಚ್ಚ ಪೀಠದಲ್ಲಿ ಕುಳಿತರು.

ಅವರನ್ನು ಕುರಿತ ವಿಮರ್ಶೆ ನಮ್ಮಲ್ಲಿ ತೆಳುವಾಗಿರುವುದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಅವರ ಪ್ರೌಢಕೃತಿಗಳ ದಶಕಗಳು ನವ್ಯಕಾವ್ಯದ ದಶಕಗಳು. ಅಡಿಗರ ಭೂಮಿಗೀತ 1959ರಲ್ಲಿ ಹೊರಬಂದ ಮೇಲೆ ವಿದ್ಯಾವಂತರ ಚರ್ಚೆಯೆಲ್ಲ ನಗರದ ಸಂದೇಹ, ಒಡೆದ ಮನಸ್ಸು, ಮುಕ್ತಛಂದಗಳ ಸುತ್ತ ತಿರುಗುತ್ತಿರುವಾಗ, ಸಿದ್ಧರಾಮನ ಮೇಲೆ ತ್ರಿಪದಿಯಲ್ಲಿ ಪುರಾಣವೆಂದರೆ ಕಾಲಕ್ಕೆ ಹಿಂದುಳಿದ ಭಕ್ತಿಯಂತೆ ಕಂಡಿರಬೇಕು. ಇಂದು ಆ ಗದ್ದಲವೆಲ್ಲ ತಣಿದಿದೆ. ಭಾಷೆಗಳ ನಡುವೆ ಬಾಳುವುದೆಂದರೇನು, ಸ್ತ್ರೀಯರ ಮೌಖಿಕ ಪರಂಪರೆ ಲಿಖಿತ ಕಾವ್ಯವಾಗುವುದು ಹೇಗೆ ಎಂಬಿವೇ ಇಂದಿನ ವಿದ್ವತ್ತಿನ ಪ್ರಶ್ನೆಗಳಾಗಿರುವಾಗ, ಈ ಪುರಾಣವನ್ನು ಮತ್ತೆ ಕೈಗೆತ್ತಿಕೊಳ್ಳಲು ಇದಕ್ಕಿಂತ ಸಕಾಲ ಇಲ್ಲ.

ಕೊನೆಯ ವರ್ಷಗಳಲ್ಲಿ ಅವರು ಸೊಲ್ಲಾಪುರವನ್ನು ಬಿಟ್ಟು ಬಸವಕಲ್ಯಾಣದಲ್ಲಿ ನೆಲೆಸಿದರು. 1986ರಲ್ಲಿ ಅಲ್ಲಿಯೇ ಲಿಂಗೈಕ್ಯರಾದರು. ಸೊನ್ನಲಿಗೆಯಿಂದ ಕಲ್ಯಾಣಕ್ಕೆ ಸಿದ್ಧರಾಮನು ನಡೆದ ಹಾದಿಯನ್ನೇ ಅವನ ಪುರಾಣಕರ್ತೃವೂ ತುಳಿದರೆಂದು ಭಕ್ತರು ಹೇಳಬಹುದು; ಊರನ್ನು ನಾಡಿಗೆ ತರಲಾಗದಾಗ ತಾವೇ ನಾಡಿಗೆ ಬಂದರೆಂದು ಏಕೀಕರಣದ ಹಿರಿಯರು ಹೇಳಬಹುದು. ಎರಡೂ ನಿಜವಾಗಿರಬಾರದೇಕೆ?

ಈ ಸಭೆಯಲ್ಲಿ ಬೀದರ, ಬಸವಕಲ್ಯಾಣ, ಆಳಂದ, ಇಂಡಿಗಳ ಕಡೆಯ ತಾಯಂದಿರು ಅನೇಕರಿರುವುದನ್ನು ಕಾಣುತ್ತಿದ್ದೇನೆ. ಬೀಸುವ ಕಲ್ಲು ಈಗ ನಿಮ್ಮ ಮನೆಗಳಲ್ಲಿ ಇಲ್ಲದಿರಬಹುದು, ಗಾರ್ಮೆಂಟ್ಸಿನ ಪಾಳಿಗೆ ಹೊತ್ತು ಮೀರುತ್ತಿರಬಹುದು. ಆದರೆ ತ್ರಿಪದಿಯ ಧಾಟಿ ನಿಮ್ಮ ಕಿವಿಯಲ್ಲಿದೆ, ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಸಿದ್ಧರಾಮ ಪುರಾಣವನ್ನು ನನ್ನಂತಹವರು ಕಣ್ಣಿನಿಂದ ಓದಿ ವ್ಯಾಖ್ಯಾನಿಸಬಲ್ಲೆವು, ಅಷ್ಟೇ. ಅದನ್ನು ಎತ್ತಿ ಹಾಡಬೇಕಾದವರು ನೀವು. ಈ ಬಡಾವಣೆಯ ಯಾವ ಗುಡಿಯ ಜಗಲಿಯಲ್ಲಾಗಲಿ, ಯಾವ ಶಾಲೆಯ ಕೋಣೆಯಲ್ಲಾಗಲಿ ನೀವು ಆ ಹಾಡಿಗೆ ಕೂಡಿದರೆ, ಪುಸ್ತಕವನ್ನು ತಂದುಕೊಡುವ ಹೊಣೆ ನನ್ನದು. ಪದ್ಯಗಳ ಕಠಿನ ಶಬ್ದಗಳನ್ನು ಬಿಡಿಸಿ ಹೇಳಲು ನಾನು ಜೊತೆಗೆ ಕೂರುತ್ತೇನೆ. ಮರಾಠಿಯನ್ನು ಬಲ್ಲವರಿದ್ದರೆ ಜಯದೇವಿತಾಯಿಯವರ ಮಹಾಯೋಗಿನಿಯನ್ನೂ ತನ್ನಿ. ಎರಡನ್ನೂ ಒಂದೇ ಸಂಜೆ ಓದೋಣ.